ನಾಲ್ಕನೆಯವರು

ಅರಸೀಕೆರೆಯವರು ಬೇಲೂರಿಗೆ ಹೋಗುವುದು ಎರಡೇ ಕಾರಣಕ್ಕೆ. ಸ್ಕೂಲಿನಲ್ಲಿದ್ದಾಗ ಮೇಷ್ಟ್ರು ಸಾಲಾಗಿ ನಿಲ್ಲಿಸಿ ಕರೆದುಕೊಂಡು ಹೋದರೆ ಒಮ್ಮೆ, ಆಮೇಲೆ ಮನೆಗೆ ಬಂದ ದೂರದ ನೆಂಟರು ಹೊರಡುವ ಮಾತೇ ಎತ್ತದೆ ಕೂತಾಗ ಇನ್ನೊಮ್ಮೆ. ಸುಮ್ಮನೆ, ಗುಡಿ ನೋಡಿಕೊಂಡು ಬರೋಣ ಅಂತ ನಮ್ಮೂರಿನಿಂದ ಯಾರೂ ಹೋಗುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ. ಹಾಗಾಗಿ ಒಂದು ಶುಕ್ರವಾರ ಸಂಜೆ ನನ್ನ ಮಗಳು ಸ್ಕೂಲಿನಿಂದ ಬಂದವಳೇ ಕೈಕಾಲು ತೊಳೆಯುವುದಕ್ಕೂ ಮೊದಲು, "ಅಪ್ಪ, ಭಾನುವಾರ ಬೇಲೂರು ಹಳೇಬೀಡು ನೋಡ್ಕೊಂಡು ಬರೋಣ್ವಾ?" ಅಂದಾಗ ನನ್ನ ಕಿವಿ ನೆಟ್ಟಗಾಯಿತು.

ನಾನು ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಚೆಕಿಂಗ್ ಮಾಡಿ ರಿಟೈರ್ ಆದವನು. ಎಲ್ಲಿಯೋ ತಿರುವಿನಲ್ಲಿ ಜೀಪು ನಿಲ್ಲಿಸಿಕೊಂಡು ಕಾಯುವುದು, ಬಸ್ಸು ಬಂದರೆ ಕೈ ಅಡ್ಡ ಹಿಡಿದು ಹತ್ತುವುದು, ಜನರ ಮುಖ ನೋಡುವುದು. ಇದೇ ನನ್ನ ಕೆಲಸ. ಟಿಕೆಟ್ ಇಲ್ಲದವನು ನಿದ್ದೆ ಬಂದವನಂತೆ ನಟಿಸುತ್ತಾನೆ, ಇಲ್ಲವೇ ಕಿಟಕಿಯಾಚೆಯ ತೆಂಗಿನ ತೋಟವನ್ನು ಹುಟ್ಟಿದಂದಿನಿಂದ ನೋಡಿಯೇ ಇಲ್ಲ ಎನ್ನುವಂತೆ ನೋಡುತ್ತಾನೆ. ಕೇಳುವ ಮೊದಲೇ ಟಿಕೆಟ್ ಮುಂದೆ ಹಿಡಿದವನನ್ನೂ ನಾನು ಬಿಡುತ್ತಿರಲಿಲ್ಲ, ಅದು ನಿನ್ನೆಯದು ಇರಬಹುದು. ನನ್ನ ಹೆಂಡತಿ ಇದ್ದಾಗ, ನಿಮಗೆ ಮೊಸರಲ್ಲಿ ಕಲ್ಲು ಹುಡುಕೋ ಚಾಳಿ ಅನ್ನುತ್ತಿದ್ದಳು. ಅವಳು ಹೋಗಿ ನಾಲ್ಕು ವರ್ಷವಾಯಿತು. ಈಗ ಮನೆಯಲ್ಲಿ ನಾನು, ಮಗಳು. ಜಾವಗಲ್ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಟೀಚರು. ನನಗೆ ಅಂತ ಉಳಿದಿರುವವಳು ಅವಳೊಬ್ಬಳೇ. ಅವಳು ನನಗೆ ಸುಳ್ಳು ಹೇಳಬಾರದು, ಅಷ್ಟೇ ನನ್ನ ಆಸೆ. ಅವಳೂ ಸುಳ್ಳು ಹೇಳಿದರೆ ಮತ್ತೆ ಈ ಮನೆಯಲ್ಲಿ ನಾನು ಯಾರ ಮಾತು ನಂಬಿಕೊಂಡು ಕೂರಲಿ?

"ಬಸ್ಸಲ್ಲಿ ಹೋಗೋಣ" ಅಂದೆ. "ನಿನಗೆ ಫ್ರೀ, ನನಗೆ ಹಿರಿಯ ನಾಗರಿಕರ ರಿಯಾಯಿತಿ ಐತೆ."

"ಕಾರಿದೆ ಅಪ್ಪ. ನಮ್ಮ ಸ್ಕೂಲಿಗೆ ಹೊಸದಾಗಿ ಮ್ಯಾತ್ಸ್ ಮೇಷ್ಟ್ರು ಬಂದಿದಾರಲ್ಲ, ಇಲ್ಲೇ ಗಂಡಸಿ ಊರಿನವರು, ಅವರದು. ಅವರೂ ಬೇಲೂರು ನೋಡಿಲ್ವಂತೆ."

ಗಂಡಸಿಯವನು, ಕಾರಿಟ್ಟುಕೊಂಡವನು, ಬೇಲೂರು ನೋಡಿಲ್ಲ. ಸರಿ. ನಾನು ಏನೂ ಅನ್ನಲಿಲ್ಲ. ಮೌನವಾಗಿದ್ದರೆ ಎದುರಿನವರು ತಾವೇ ಬಾಯಿ ಬಿಡುತ್ತಾರೆ, ಇದು ಬಸ್ಸಿನಲ್ಲಿ ಕಲಿತ ವಿದ್ಯೆ. ಅವಳು ಬಿಟ್ಟಳು.

"ಅವರ ಅತ್ತೆನೂ ಬರ್ತಾರೆ. ಇಲ್ಲಾಂದ್ರೆ ಮೂರು ಜನ ಆಗ್ತೀವಲ್ಲ, ಅದಕ್ಕೆ."

ಈ ಮೂರರ ವಿಷಯ ಸ್ವಲ್ಪ ಹೇಳಬೇಕು. ಒಳ್ಳೆಯ ಕೆಲಸಕ್ಕೆ ಮೂವರು ಹೊರಟರೆ ಕೆಲಸ ಕೆಡುತ್ತದೆ ಅಂತ ನಮ್ಮ ಕಡೆ ಒಂದು ನಂಬಿಕೆ. ನಮ್ಮಪ್ಪ ನಾನು ಚಿಕ್ಕವನಿದ್ದಾಗಲೇ ದೇವರ ಗೂಡಿನಲ್ಲಿ ಬುದ್ಧನ ಫೋಟೊ ಇಟ್ಟು, ರಾಹುಕಾಲ, ಬೆಕ್ಕು, ಹಲ್ಲಿ ಎಲ್ಲವನ್ನೂ ಒಂದೇ ಸಲ ಬೀಳ್ಕೊಟ್ಟವನು. ಆ ಮನೆಗೆ ಸೊಸೆಯಾಗಿ ಬಂದ ನನ್ನ ಹೆಂಡತಿ ಉಳಿದದ್ದೆಲ್ಲ ಬಿಟ್ಟರೂ ಮೂರರ ಲೆಕ್ಕ ಒಂದನ್ನು ಮಾತ್ರ ಬಿಡಲಿಲ್ಲ. ಮೂವರಾಗುವ ಹಾಗಿದ್ದರೆ ಪಕ್ಕದ ಮನೆಯವರನ್ನಾದರೂ ಎಳೆದುಕೊಂಡು ಬರುತ್ತಿದ್ದಳು. ಆದರೆ ಗಮನಿಸಿ, ಅವಳೂ ಎಣಿಸುತ್ತಿದ್ದದ್ದು ಒಳ್ಳೆ ಕೆಲಸಕ್ಕೆ ಮಾತ್ರ. ಹೆಣ್ಣು ನೋಡಲು, ನಿಶ್ಚಯ ಮಾಡಲು, ಸೈಟು ಖರೀದಿಗೆ. ಸಂತೆಗೋ ಸಿನಿಮಾಕ್ಕೋ ಹೊರಟಾಗ ಯಾರಾದರೂ ತಲೆ ಎಣಿಸುತ್ತಾರೆಯೇ? ಕಲ್ಲು ಗೊಂಬೆ ನೋಡಲು ಹೋಗುವವರಿಗೆ ಮೂರಾದರೇನು, ಏಳಾದರೇನು?

ಮಗಳು ಮೂರು ಎಣಿಸಿದ್ದಳು. ಅಂದ ಮೇಲೆ ಇದು ಟೂರಲ್ಲ, ಸಂಬಂಧ. ಆ ಮೇಷ್ಟ್ರು ನನ್ನ ಅಳಿಯನಾಗಲು ಹೊರಟಿದ್ದಾನೆ. ಅತ್ತೆ ಅನ್ನುವ ಆ ಹೆಂಗಸು ಲೆಕ್ಕ ಸರಿಮಾಡಲು ಬರುವ ನಾಲ್ಕನೆಯವರು. ಮದುವೆಯಾಗಬೇಕು ಅನ್ನಿಸಿದರೆ ಆಗಲಿ, ನಾನೇನು ಬೇಡ ಅನ್ನುವವನಲ್ಲ. ನನ್ನ ಹತ್ತಿರ ನೇರವಾಗಿ ಹೇಳದೆ, ನನ್ನನ್ನು ಗುಡಿ ತೋರಿಸುವ ನೆಪದಲ್ಲಿ ಕಾರಿಗೆ ಹತ್ತಿಸಿಕೊಂಡು ಹೋಗುವುದು ಯಾವ ನ್ಯಾಯ? ರಾತ್ರಿ ಊಟಕ್ಕೆ ಕೂತಾಗ ಎರಡು ಸಲ ಬಾಯಿಗೆ ಬಂದ ಮಾತನ್ನು ನುಂಗಿದೆ. ಅವಳಾಗಿಯೇ ಹೇಳಲಿ ಅಂತ ಕಾದೆ. ಅವಳು ಹೇಳಲಿಲ್ಲ.

ಭಾನುವಾರ ಬೆಳಗ್ಗೆ ಬಾಗಿಲಿಗೆ ಕಾರು ಬಂತು. ಹುಡುಗ ಇಳಿದು, ಕೈ ಮುಗಿದು, "ನಮಸ್ತೆ ಅಂಕಲ್" ಅಂದ. ಅಂಕಲ್ ಅನ್ನುವ ಪದವನ್ನು ನಾನು ಮೊದಲಿನಿಂದಲೂ ನಂಬುವುದಿಲ್ಲ. ಮಾವನೋ ಚಿಕ್ಕಪ್ಪನೋ ಅಂತ ತೀರ್ಮಾನವಾಗದಿದ್ದಾಗ ಜನ ಬಳಸುವ ಪದ ಅದು. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಕೂತಿದ್ದರು, ಐವತ್ತು ದಾಟಿದವರು. "ಅತ್ತೆ ಅಂದ್ರೆ ಸೋದರತ್ತೆ, ಅಂಕಲ್. ನನ್ನ ಸಾಕಿದವರು. ಗಂಡಸಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಕೊಂಡಿದಾರೆ" ಅಂದ ಹುಡುಗ. ನಾನು ಬಗ್ಗಿ, "ನಮಸ್ಕಾರ ಅಕ್ಕಾ" ಅಂದೆ. ಅವರು ನಮಸ್ಕಾರ ಅಂದರು, ಅಕ್ಕ ಅಂದದ್ದಕ್ಕೆ ಯಾಕೋ ನನ್ನ ಮಗಳ ಮುಖ ನೋಡಿದರು. ಮಗಳು ತಕ್ಷಣ ನೀರಿನ ಬಾಟಲಿ ಹುಡುಕತೊಡಗಿದಳು.

ನಾನು ಬೇಕೆಂದೇ ಮುಂದಿನ ಸೀಟು ಹಿಡಿದೆ. ಗಾಡಿ ಓಡಿಸುವವನ ಪಕ್ಕ ಕೂತರೆ ಅವನು ಎಲ್ಲಿಗೂ ತಪ್ಪಿಸಿಕೊಳ್ಳುವಂತಿಲ್ಲ. ಊರು ದಾಟಿ ತೆಂಗಿನ ತೋಟಗಳು ಶುರುವಾದ ಕೂಡಲೇ ಕೇಳಿದೆ.

"ಮನೇಲಿ ಯಾರ್ಯಾರಿದೀರಪ್ಪ?"

"ನಾನು, ಅತ್ತೆ, ಮನೆಯವ್ರು. ಮನೆಯವ್ರು ಈಗ ಊರಿಗೆ ಹೋಗಿದಾರೆ ಅಂಕಲ್. ಬರೋದು ಇನ್ನೂ ತಡ ಆಗುತ್ತೆ."

ಓಹೋ. ಅಪ್ಪ ಅಮ್ಮ ಊರಲ್ಲಿಲ್ಲದ ಹೊತ್ತು ನೋಡಿ ಅತ್ತೆಯನ್ನು ಕರೆದುಕೊಂಡು ಹೊರಟಿದ್ದಾನೆ. "ಅವರಿಗೆ ಗೊತ್ತೇನಪ್ಪ, ನೀವು ಇವತ್ತು ಹಿಂಗೆ ಬಂದಿರೋದು?"

"ಗೊತ್ತು ಅಂಕಲ್. ಈ ಐಡಿಯಾ ಅವರದೇ" ಅಂದು ನಕ್ಕ.

ಗಂಡಿನ ತಂದೆ ತಾಯಿ ತಾವು ಮನೆಯಲ್ಲಿ ಕೂತು, ಮೊದಲು ಬೇಹು ನೋಡಿ ಬನ್ನಿ ಅಂತ ಕಳಿಸಿದ್ದಾರೆ ಅಂತಾಯಿತು. ಹುಡುಗ ಘಳಿಗೆಗೊಮ್ಮೆ ತಲೆಯ ಮೇಲಿನ ಕನ್ನಡಿ ನೋಡುತ್ತಿದ್ದ. ಡ್ರೈವರು ಕನ್ನಡಿ ನೋಡುವುದು ಹಿಂದಿನ ಗಾಡಿಗಾಗಿ. ಇವನು ನೋಡುತ್ತಿದ್ದದ್ದು ಹಿಂದಿನ ಸೀಟನ್ನು. ನಾನು ತಿರುಗಿ ನೋಡಿದರೆ ಮಗಳು ಕಿಟಕಿಯಾಚೆ ನೋಡುತ್ತಿದ್ದಳು. ದಿನಾ ಬಸ್ಸಿನಲ್ಲಿ ಹೋಗುವ ದಾರಿ, ಅದೇ ತೋಟ, ಅದೇ ರಾಗಿ ಹೊಲ. ಟಿಕೆಟ್ ಇಲ್ಲದವರು ನೋಡುವ ನೋಟವೇ ಅದು.

ಜಾವಗಲ್‌ನಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ನಾನು ಬೆಳಗಿನ ಜಾವವೇ ಎದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿಕೊಂಡು ಬಂದಿದ್ದೆ. ಹೆಂಡತಿ ಹೋದಾಗಿನಿಂದ ಅಡುಗೆ ನನ್ನದೇ, ಮಗಳಿಗೆ ಒಗ್ಗರಣೆಗೂ ಕೈ ಹೋಗುವುದಿಲ್ಲ. ಅತ್ತೆ ಒಂದು ತುತ್ತು ಬಾಯಿಗಿಟ್ಟು, ನಿಧಾನಕ್ಕೆ ಅಗಿದು, "ಚೆನ್ನಾಗೈತೆ. ಯಾರು ಮಾಡಿದ್ದು?" ಅಂತ ನನ್ನನ್ನೇ ಕೇಳಿದರು.

ಗಂಡಿನ ಕಡೆಯವರು ಹೀಗೆಯೇ ಶುರು ಮಾಡುವುದು. ಮಗಳ ಮಾನ ನನ್ನ ಕೈಯಲ್ಲಿತ್ತು. "ಇನ್ಯಾರು, ನಮ್ಮ ಹುಡುಗಿನೇ" ಅಂದೆ. "ಮನೆ ಅಡುಗೆ ಪೂರ್ತಿ ಅವಳದೇ. ನಾನು ಒಲೆ ಕಡೆ ತಲೆ ಹಾಕೋನಲ್ಲ."

ಮಗಳಿಗೆ ಅನ್ನ ನೆತ್ತಿಗೆ ಹತ್ತಿತು. ಅತ್ತೆ "ಹೌದಾ" ಅಂದವರು ಇನ್ನೊಂದು ತುತ್ತು ತಿನ್ನಲಿಲ್ಲ. ನಾನು ಬಿಡಲಿಲ್ಲ, ನನ್ನ ಸರದಿ ಬಂದಿತ್ತು.

"ನಿಮ್ಮ ಮನೆದೇವರು ಯಾವುದು ಅಕ್ಕಾ?"

ಈ ಪ್ರಶ್ನೆಯ ಅರ್ಥ ಕರ್ನಾಟಕದಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಬಾಡಿಗೆ ಮನೆ ಕೇಳಲು ಹೋದಾಗ ಈ ಪ್ರಶ್ನೆಯನ್ನು ನಾನೇ ಎಷ್ಟೋ ಸಲ ಎದುರಿಸಿದ್ದೇನೆ. ಉತ್ತರ ಕೊಟ್ಟ ಮೇಲೆ ಖಾಲಿ ಇದ್ದ ಮನೆ ಇದ್ದಕ್ಕಿದ್ದಂತೆ ಯಾರಿಗೋ ಕೊಟ್ಟುಬಿಟ್ಟಿರುತ್ತಾರೆ. ಆ ಪ್ರಶ್ನೆ ಕೇಳಿದರೆ ಮೈ ಉರಿಯುವ ನಾನೇ ಅದನ್ನು ಕೇಳಿದ್ದೆ. ಮಗಳು ಯಾವುದೋ ಮನೆಗೆ ಸೊಸೆಯಾಗಿ ಹೋಗಿ, ಅಲ್ಲಿ ಯಾರೋ ಅವಳ ತಟ್ಟೆ ಲೋಟ ಬೇರೆ ಇಡುವಂತಾದರೆ ನಾನು ತಡೆದುಕೊಳ್ಳಲಾರೆ, ಅದಕ್ಕೆ.

ಅವರು ಲೋಟ ಕೆಳಗಿಟ್ಟರು. "ಬಳಸಿ ಯಾಕೆ ಕೇಳ್ತೀರಿ, ನೇರವಾಗೇ ಕೇಳಿ. ನಮ್ಮನೇಲಿ ದೇವರ ಮನೆನೇ ಇಲ್ಲ. ಬುದ್ಧನ ಫೋಟೊ ಐತೆ, ನಿಮ್ಮನೇಲಿ ಇರೋ ಅಂಥದ್ದೇ. ನಿಮ್ಮ ಮಗಳು ಹೇಳಿದ್ಲು."

ಒಂದು ಭಾರ ಇಳಿಯಿತು, ಇನ್ನೊಂದು ಏರಿತು. ನಮ್ಮ ಗೋಡೆಯ ಮೇಲೆ ಯಾವ ಫೋಟೊ ಇದೆ ಅಂತ ಇವರಿಗೆ ಗೊತ್ತಿದೆ. ಇವರ ಬಗ್ಗೆ ನನಗೆ ಏನೂ ಗೊತ್ತಿಲ್ಲ. ನನ್ನ ಬೆನ್ನ ಹಿಂದೆ ಎಷ್ಟು ಮಾತು ನಡೆದಿದೆಯೋ.

ಹಳೇಬೀಡು ದಾರಿಯಲ್ಲೇ ಸಿಕ್ಕಿತು. ಅದನ್ನು ಬರುವಾಗ ನೋಡೋಣ, ಮಧ್ಯಾಹ್ನದೊಳಗೆ ಬೇಲೂರು ಮುಗಿಸೋಣ ಅಂತ ಹುಡುಗ ಮುಂದೆ ಹೊಡೆದ. ಬೇಲೂರಿನಲ್ಲಿ ಗೋಪುರದ ಎದುರು ಚಪ್ಪಲಿ ಬಿಡುವಾಗ ನಾನು ಒಂದು ಚಪ್ಪಲಿಯನ್ನು ಈ ಕಡೆ, ಇನ್ನೊಂದನ್ನು ದೂರದ ಆ ಕಡೆ ಬಿಟ್ಟೆ. ಜೋಡಿ ಸಿಗದಿದ್ದರೆ ಕಳ್ಳ ಮುಟ್ಟುವುದಿಲ್ಲ. ಅತ್ತೆ ಇದನ್ನು ನಿಂತು ನೋಡಿದರು. ಗೈಡ್ ಒಬ್ಬ ಓಡಿ ಬಂದು, ನಾನು ತೋರಿಸದಿದ್ದರೆ ನಿಮಗೆ ಅರ್ಧ ಗುಡಿ ಕಾಣುವುದೇ ಇಲ್ಲ ಅಂದ. ಮಗಳು ಅವನನ್ನು ಕರೆದುಕೊಂಡಳು.

ಹೊರಗೆ ಹಾಸುಗಲ್ಲು ಕಾದು ಕಾಲು ಸುಡುತ್ತಿತ್ತು. ನಾವೆಲ್ಲ ಕುಣಿಯುತ್ತಾ ಓಡಿ ನೆರಳು ಸೇರಿದೆವು. ಗೋಡೆಯ ತುಂಬ ಆನೆ, ಆನೆಯ ಮೇಲೆ ಸಿಂಹ, ಅದರ ಮೇಲೆ ಬಳ್ಳಿ. ಮೇಲೆ ಸೂರಿನಡಿ ಕನ್ನಡಿ ಹಿಡಿದ ಹೆಣ್ಣು, ಗಿಳಿ ಹಿಡಿದ ಹೆಣ್ಣು, ಸೆರಗು ಎಳೆಯುವ ಕೋತಿಯನ್ನು ಗದರಿಸುವ ಹೆಣ್ಣು. ಒಂದು ಬೊಂಬೆ ತೋರಿಸಿ, ಇವಳ ಕೈಬಳೆ ಹಿಂದೆ ತಿರುಗುತ್ತಿತ್ತು ಅಂತ ಗೈಡ್ ಹೇಳಿದ. "ಈಗ ತಿರುಗಿಸು" ಅಂದೆ. ಈಗ ಮುಟ್ಟಬಾರದು ಅಂದ. ಅಂಗಳದಲ್ಲಿ ನೆಲಕ್ಕೆ ಅಂಟದೆ ತನ್ನ ಭಾರಕ್ಕೇ ನಿಂತ ಕಂಬವಿದೆ ಅಂದ, ಅದರ ಅಡಿ ಕರವಸ್ತ್ರ ತೂರಿಸಿ ತೋರಿಸಿದ. ನಾನು ಮಂಡಿಯೂರಿ ನೋಡಿದೆ. ಒಂದು ಕಡೆ ತೂರುತ್ತದೆ, ಇನ್ನೊಂದು ಕಡೆ ತೂರುವುದಿಲ್ಲ. ಹಾಗೆಂದು ಹೇಳಿದೆ. ಗೈಡಿಗೆ ನನ್ನ ಮೇಲೆ ಬೇಸರ ಬಂತು.

ಒಳಗೆ ಹೋಗುವಾಗ ಮೆಟ್ಟಿಲಲ್ಲಿ ನಾನು ಸ್ವಲ್ಪ ನಿಂತೆ. ನಮ್ಮಪ್ಪ ಸಾಯುವ ತನಕ ಯಾವ ಗುಡಿಯ ಹೊಸ್ತಿಲೂ ದಾಟಿದವನಲ್ಲ. ಮೊದಲು ಅವರು ಬಿಡಲಿಲ್ಲ, ಆಮೇಲೆ ನಾನೇ ಹೋಗಲಿಲ್ಲ ಅನ್ನುತ್ತಿದ್ದ. ನಾನು ಶಿಲ್ಪ ನೋಡಲು ಬಂದವನು ಅಂತ ನನಗೆ ನಾನೇ ಹೇಳಿಕೊಂಡು ಒಳಗೆ ಹೋದೆ. ಪೂಜಾರಿ ತೀರ್ಥದ ಬಟ್ಟಲು ಹಿಡಿದು ಸಾಲಿನ ಕಡೆ ಬಂದಾಗ ಪಕ್ಕಕ್ಕೆ ಸರಿದೆ. ನನ್ನ ಜೊತೆಗೇ ಇನ್ನೊಬ್ಬರೂ ಸರಿದರು, ನೋಡಿದರೆ ಆ ಅತ್ತೆ. ಅವರು ನಕ್ಕಂತೆ ಕಂಡಿತು. ನಾನು ನಗಲಿಲ್ಲ. ನನ್ನ ಕಣ್ಣು ಅವರ ಭುಜದಾಚೆ, ಕಂಬದ ಮರೆಯಲ್ಲಿ ನನ್ನ ಮಗಳು ಆ ಹುಡುಗನ ಕಿವಿಯಲ್ಲಿ ಏನೋ ಹೇಳುತ್ತಿದ್ದ ಕಡೆಗಿತ್ತು.

"ಎಂಥಾ ತಾಳ್ಮೆ ನೋಡ್ರಿ" ಅಂದರು ಅವರು, ತಲೆ ಎತ್ತಿ ಚಾವಣಿ ನೋಡುತ್ತಾ. "ಒಂದು ಹೂವಿನ ಎಸಳಿಗೆ ಎಷ್ಟು ದಿನ ಕೂತಿದ್ನೋ."

"ಯಾರು?" ಅಂದೆ ನಾನು.

ಅವರು ಚಾವಣಿಯಿಂದ ಕಣ್ಣಿಳಿಸಿ ಮುಂದಿನ ಕಂಬದ ಕಡೆ ಹೋದರು.

ಊಟಕ್ಕೆ ಪೇಟೆಯ ಒಂದು ಹೋಟೆಲಿಗೆ ಹೋದೆವು. ಹುಡುಗನೂ ಮಗಳೂ ಎದುರು ಬದುರು ಕೂತರು, ನನ್ನ ಎದುರು ಅತ್ತೆ. ಮುದ್ದೆ ಬರುವಷ್ಟರಲ್ಲಿ ಅವರು ಪ್ರಶ್ನೆ ಶುರು ಮಾಡಿದರು.

"ಸಕ್ಕರೆ ಕಾಯಿಲೆ ಏನಾದ್ರೂ ಐತಾ?"

"ನಮ್ಮ ವಂಶದಲ್ಲೇ ಇಲ್ಲ" ಅಂದೆ. ಹೆಣ್ಣಿನ ಕಡೆಯವರು ಇಂಥದ್ದಕ್ಕೆ ತಡವರಿಸಬಾರದು.

"ಕೋಪ?"

"ನಮ್ಮ ಮನೇಲಿ ಕೋಪ ಅನ್ನೋ ಪದನೇ ಇಲ್ಲ ಅಕ್ಕಾ" ಅಂದವನು, ಸಾರು ತಣ್ಣಗಾಗಿದೆ ಅಂತ ಬಡಿಸುವವನಿಗೆ ಸರಿಯಾಗಿ ಹೇಳಿದೆ. ಅಕ್ಕಪಕ್ಕದ ಟೇಬಲಿನವರು ತಿರುಗಿ ನೋಡಿದರು. ಸಾರು ನಿಜಕ್ಕೂ ತಣ್ಣಗಿತ್ತು.

ಆಮೇಲೆ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ. ಸಾಕಿದ ಅತ್ತೆ ಅಂದರೆ ಅರ್ಧ ಅತ್ತೆಯ ಕಾಟ, ಅರ್ಧ ತಾಯಿಯ ಕಾಟ. "ಎಲ್ಲಾ ಒಪ್ಪಿಗೆ ಆದ್ಮೇಲೆ ನೀವು ಇವರ ಜೊತೇಲೇ ಇರ್ತೀರಾ, ಇಲ್ಲ ಬೇರೆ ಇರ್ತೀರಾ?"

ಅವರು ಕತ್ತು ಬಗ್ಗಿಸಿಕೊಂಡರು. "ಒಪ್ಪಿಗೆ ಆದ್ರೆ ಇವನ ಜೊತೆ ಹೆಂಗಿರೋಕಾಗುತ್ತೆ? ಬೇರೇನೇ ಆಗಬೇಕಲ್ವಾ."

"ಅದೇ ಒಳ್ಳೇದು" ಅಂದೆ ಸಮಾಧಾನದಿಂದ. ಹುಡುಗನಿಗೆ ಕೆಮ್ಮು ಬಂತು. ಮಗಳು ನನ್ನನ್ನು ಆಶ್ಚರ್ಯದಿಂದ, ಬಹಳ ದಿನದಿಂದ ನೋಡದಷ್ಟು ಪ್ರೀತಿಯಿಂದ ನೋಡಿದಳು. ಅದೂ ನನಗೆ ಅನುಮಾನವೇ ಆಯಿತು. ಸಾರಿನ ವಿಷಯಕ್ಕೆ ಬಯ್ಯದೆ ಬಿಟ್ಟಳು ಅಂದರೆ ಏನೋ ಇದೆ.

ಹಳೇಬೀಡು ತಲುಪಿದಾಗ ಬಿಸಿಲು ಇಳಿದಿತ್ತು. ಗುಡಿಯ ಹಿಂದೆ ಕೆರೆ ತುಂಬಿತ್ತು. ಹುಲ್ಲುಹಾಸಿನ ಮೇಲೆ ಯಾವುದೋ ಊರಿನ ಸ್ಕೂಲು ಮಕ್ಕಳು ಪುಳಿಯೋಗರೆ ತಿನ್ನುತ್ತಿದ್ದರು. ಗೋಡೆ ಸುತ್ತಿ ಬರುವಷ್ಟರಲ್ಲಿ ನನ್ನ ಮಂಡಿ ನೋಯುತ್ತಿತ್ತು. ಇಷ್ಟೊಂದು ಕೆತ್ತಿ, ಕೊನೆಗೆ ಗೋಪುರವನ್ನೇ ಕಟ್ಟದೆ ಬಿಟ್ಟಿದ್ದಾರಲ್ಲ, ಏನು ತಕರಾರಾಯಿತೋ ಅಂದುಕೊಂಡೆ. ಅಷ್ಟರಲ್ಲಿ ಮಗಳು, "ಅಪ್ಪ, ನೀವಿಬ್ರೂ ಇಲ್ಲಿ ನೆರಳಲ್ಲಿ ಕೂತಿರಿ. ನಾವು ಮ್ಯೂಸಿಯಂ ನೋಡ್ಕೊಂಡು ಬರ್ತೀವಿ" ಅಂದಳು. ಅಂದು, ಉತ್ತರಕ್ಕೂ ಕಾಯದೆ, ಆ ಹುಡುಗನ ಜೊತೆ ಹೊರಟೇಬಿಟ್ಟಳು.

ಇನ್ನು ತಡೆಯಲಾಗಲಿಲ್ಲ. ನಾನೂ ಎದ್ದೆ.

"ಕೂತ್ಕೊಳ್ರಿ" ಅಂದರು ಅತ್ತೆ.

"ಹೆಂಗೆ ಕೂರ್ಲಿ ಅಕ್ಕಾ? ಹುಡುಗ ಹುಡುಗಿ ಒಪ್ಪಿದ್ರೆ ಮರ್ಯಾದೆಯಾಗಿ ಮನೆಗೆ ಬಂದು ಕೇಳ್ಬೇಕು. ಗುಡಿ ತೋರಿಸ್ತೀವಿ ಅಂತ ಕರ್ಕಂಡು ಬಂದು, ಮುದುಕನ್ನ ನೆರಳಲ್ಲಿ ಕೂರಿಸಿ, ಅವರಿಬ್ಬರೇ ಮ್ಯೂಸಿಯಮ್ಮಿಗೆ ಹೋಗೋದೇನು? ನಿಮ್ಮ ಹುಡುಗನಿಗೆ ಬುದ್ಧಿ ಹೇಳೋರು ಯಾರೂ ಇಲ್ವಾ?"

"ಯಾವ ಹುಡುಗ? ಏನು ಕೇಳ್ಬೇಕಿತ್ತು ಅವನು?"

"ನಮ್ಮ ಹುಡುಗಿನ!"

ಅವರು ನನ್ನನ್ನೇ ನೋಡಿದರು. "ಅವನಿಗೆ ಮದುವೆ ಆಗಿ ಎರಡು ವರ್ಷ ಆಯ್ತು ಕಣ್ರೀ. ಹೆಂಡ್ತಿ ಬಾಣಂತನಕ್ಕೆ ತವರಿಗೆ ಹೋಗವ್ಳೆ. ಬೆಳಗ್ಗೆ ಕಾರಲ್ಲಿ ನಿಮ್ಮ ಪಕ್ಕದಲ್ಲೇ ಕೂತು ಹೇಳ್ದನಲ್ಲ, ಮನೆಯವ್ರು ಊರಿಗೆ ಹೋಗಿದಾರೆ ಅಂತ."

ಮನೆಯವರು. ಹೆಂಡತಿಯ ಹೆಸರು ಹೇಳದೆ ನಾನೂ ಮೂವತ್ತು ವರ್ಷ ಅದೇ ಪದ ಬಳಸಿದವನು. ಡಿಪೋದಲ್ಲಿ ರಜೆ ಕೇಳುವಾಗೆಲ್ಲ ನಮ್ಮ ಮನೆಯವರಿಗೆ ಹುಷಾರಿಲ್ಲ ಸಾರ್ ಅಂದವನೇ. ಅವನ ಬಾಯಲ್ಲಿ ಆ ಪದ ಬಂದಾಗ ಅವನ ಅಪ್ಪ ಅಮ್ಮ ಅಂದುಕೊಂಡಿದ್ದೆ. ಮೆಲ್ಲಗೆ ಮತ್ತೆ ಕೂತೆ. ಮದುವೆಯಾದವನ ಹತ್ತಿರ ಬೆಳಗ್ಗೆಯಿಂದ ನಾನು ಕೇಳಿದ ಪ್ರಶ್ನೆಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು.

"ಮತ್ತೆ ನೀವು?" ಅಂದೆ. "ಮೂರು ಜನ ಆಗಬಾರದು, ಲೆಕ್ಕಕ್ಕೆ ಇನ್ನೊಬ್ಬರಿರಲಿ ಅಂತ ಬಂದ್ರಿ, ಅಲ್ವಾ?"

ಅವರು ಮೊದಲು ನಕ್ಕರು. ಆಮೇಲೆ ನಗು ನಿಂತಿತು.

"ನಿಮ್ಮ ಮಗಳು ನಿಮಗೆ ಹಂಗೆ ಹೇಳಿದ್ಲಾ? ನನ್ನ ಹತ್ರ, ನಮ್ಮಪ್ಪಂಗೆ ಎಲ್ಲಾ ಗೊತ್ತೈತೆ, ಅವರು ಒಪ್ಪೇ ಬತ್ತಾವ್ರೆ ಅಂತ ಹೇಳಿದ್ಲು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ನಾನು ಮೂರಕ್ಕೆ ನಾಲ್ಕಾಗೋ ಲೆಕ್ಕಕ್ಕೆ ಬಂದೋಳಲ್ಲ ಕಣ್ರೀ. ನಮ್ಮಲ್ಲಿ ಆ ಲೆಕ್ಕನೇ ಇಲ್ಲ. ನಿಮ್ಮನ್ನ ನೋಡೋಕೆ ಬಂದೆ."

ಕೆರೆಯ ಕಡೆಯಿಂದ ಗಾಳಿ ಬಂತು, ಮಕ್ಕಳ ಕಾಗದದ ತಟ್ಟೆಗಳು ಹುಲ್ಲಿನ ಮೇಲೆ ಉರುಳಿದವು. ಮೇಷ್ಟ್ರೊಬ್ಬರು ಅವುಗಳ ಹಿಂದೆ ಓಡಿದರು.

"ಚಿಕ್ಕ ವಯಸ್ಸಲ್ಲೇ ಗಂಡ ಹೋದ. ಅಣ್ಣನ ಮಗನ್ನ ಸಾಕಿದೆ, ಅವನಿಗೂ ಒಂದು ಸಂಸಾರ ಆಯ್ತು. ಇನ್ನು ನನ್ನ ಪಾಡಿಗೆ ನಾನಿದ್ದೆ. ಇವನ ಹೆಂಡ್ತಿ, ನಿಮ್ಮ ಮಗಳು ಇಬ್ಬರೂ ಸೇರ್ಕಂಡು ತಲೆಗೆ ಹುಳ ಬಿಟ್ರು. ಚಿತ್ರಾನ್ನ ಅವರೇ ಮಾಡ್ತಾರೆ ಅತ್ತೆ, ನಮ್ಮಪ್ಪನ ಕೈ ರುಚಿ ನೋಡಿ ಅಂತ ಹೋದ ವಾರ ಹೇಳಿದ್ಲು ನಿಮ್ಮ ಮಗಳು. ಇವತ್ತು ನೋಡಿದ್ರೆ ನೀವು ಒಲೆ ಕಡೆ ತಲೆನೇ ಹಾಕಲ್ಲ." ನನ್ನ ಕಡೆ ತಿರುಗಿ ಕೂತರು. "ಬೆಳಗ್ಗೆಯಿಂದ ಅಕ್ಕ ಅಕ್ಕ ಅಂತಿದೀರಲ್ಲ, ನಾನು ನಿಮಗಿಂತ ಚಿಕ್ಕೋಳು. ಅದೂ ಹೋಗ್ಲಿ. ನೀವು ಅವನನ್ನ ನೋಡಿದ್ರಿ, ಮಗಳನ್ನ ನೋಡಿದ್ರಿ, ಗೈಡನ್ನ ನೋಡಿದ್ರಿ, ಕಂಬದ ಅಡಿ ಬಗ್ಗಿ ನೋಡಿದ್ರಿ. ನನ್ನ ಕಡೆ ಒಂದ್ಸಲನಾದ್ರೂ ನೋಡಿದ್ರಾ?"

ನೋಡಿದೆ ಅನ್ನಬಹುದಾಗಿತ್ತು. ಅನ್ನಲಿಲ್ಲ. ಅವರು ಎದ್ದು, ಸೀರೆಗೆ ಅಂಟಿದ ಹುಲ್ಲು ಕೊಡವಿಕೊಂಡು ಕಾರಿನ ಕಡೆ ನಡೆದರು.

ವಾಪಸ್ಸು ಬರುವಾಗಲೂ ನಾನು ಮುಂದೆಯೇ ಕೂತೆ, ಅವರು ಸರಿಯಾಗಿ ನನ್ನ ಹಿಂದೆ. ಹುಡುಗ ರೇಡಿಯೊ ಹಾಕಿ, ಮತ್ತೆ ತಾನೇ ಆರಿಸಿದ. ಮಗಳ ಮೇಲೆ ನನಗೆ ಕುದಿಯುವಷ್ಟು ಕೋಪ. ನನ್ನನ್ನು ಬೊಂಬೆಯಂತೆ ಎಲ್ಲರ ಮುಂದೆ ನಿಲ್ಲಿಸಿದಳಲ್ಲ, ಆ ಹೆಂಗಸಿಗೂ ಸುಳ್ಳು, ನನಗೂ ಸುಳ್ಳು. ಆ ಕೋಪದ ನಡುವೆಯೇ, ಜಾವಗಲ್ ಹತ್ತಿರ, ಒಂದು ವಿಷಯ ಹೊಳೆದು ನನಗೆ ಗಾಬರಿಯಾಯಿತು. ಅವರ ಸೀರೆಯ ಬಣ್ಣ ಯಾವುದು? ಬೆರಳಿಗೆ ಸುತ್ತಿಕೊಂಡ ಸೆರಗು ನೆನಪಿತ್ತು, ಬಣ್ಣ ನೆನಪಿರಲಿಲ್ಲ. ತುಂಬಿದ ಬಸ್ಸಿನಲ್ಲಿ ಒಮ್ಮೆ ಕಂಡ ಮುಖವನ್ನು ವರ್ಷ ಬಿಟ್ಟು ಗುರುತಿಸಿದವನು ನಾನು. ಬೆಳಗ್ಗೆಯಿಂದ ಎದುರಿಗೆ ಕೂತು ಊಟ ಮಾಡಿದವರ ಮುಖವೂ ಕಣ್ಣು ಮುಚ್ಚಿದರೆ ಪೂರ್ತಿ ಬರುತ್ತಿರಲಿಲ್ಲ. ತಿರುಗಿ ನೋಡೋಣ ಅನ್ನಿಸಿತು. ಈಗ ತಿರುಗಿದರೆ ಯಾಕೆ ತಿರುಗಿದ ಅಂತ ಕಾರಿನಲ್ಲಿದ್ದ ಎಲ್ಲರಿಗೂ ಗೊತ್ತಾಗುತ್ತದೆ. ನಾಚಿಕೆಯಾಗಿ ಕತ್ತು ಬಿಗಿ ಹಿಡಿದು ಕೂತೆ.

ನಮ್ಮ ಮನೆ ಮುಂದೆ ಇಳಿದಾಗ ಸಂಜೆಯಾಗಿತ್ತು. ಹುಡುಗ "ಬರ್ತೀವಿ ಸರ್" ಅಂದ. ಅಂಕಲ್ ಹೋಗಿ ಸರ್ ಆಗಿದ್ದೆ. ಹಿಂದಿನ ಕಿಟಕಿಯಿಂದ ಅವರು, "ಬತ್ತೀನಿ" ಅಂದರು. ನಾನು ಬಗ್ಗಿ ನೋಡುವಷ್ಟರಲ್ಲಿ ಕಾರು ಹೊರಟಿತು. ಹೋಗ್ತೀನಿ ಅನ್ನಬಾರದು, ಬತ್ತೀನಿ ಅನ್ನಬೇಕು, ಎಲ್ಲರೂ ಎಲ್ಲರಿಗೂ ಅನ್ನುವುದೇ. ಸೊಪ್ಪು ಮಾರುವವಳೂ ಬತ್ತೀನಿ ಅಂದೇ ಮುಂದಿನ ಮನೆಗೆ ಹೋಗುತ್ತಾಳೆ. ಆದರೂ ನಾನು ಗೇಟು ಹಿಡಿದುಕೊಂಡು ಆ ಪದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾ ನಿಂತೆ.

ಒಳಗೆ ಮಗಳು ಡಬ್ಬಿ ತೊಳೆಯುತ್ತಿದ್ದಳು.

"ನನಗೆ ಸುಳ್ಳು ಹೇಳ್ದೆ" ಅಂದೆ.

"ನಿಜ ಹೇಳಿದ್ರೆ ಬರ್ತಿದ್ಯಾ?"

"ಇಲ್ಲ."

"ಮತ್ತೆ?" ನಲ್ಲಿ ನಿಲ್ಲಿಸಿ ತಿರುಗಿದಳು. ಬಯ್ಗುಳಕ್ಕೆ ತಯಾರಾಗಿಯೇ ಇದ್ದಳು ಅಂತ ಕಾಣುತ್ತದೆ. "ನಾನು ಹತ್ತು ನಿಮಿಷ ತಡ ಆದ್ರೆ ಫೋನು. ಯಾವ ಬಸ್ಸು, ಯಾರ ಪಕ್ಕ ಕೂತೆ, ಯಾಕೆ ನಕ್ಕೆ. ಅಮ್ಮ ಹೋದಾಗಿಂದ ನೀನು ನನ್ನೊಬ್ಬಳನ್ನೇ ನೋಡ್ತಾ ಕೂತಿದೀಯ ಅಪ್ಪ. ನನಗೆ ಉಸಿರು ಕಟ್ಟುತ್ತೆ. ನಿನಗೆ ನೋಡೋಕೆ ಇನ್ನೊಬ್ಬರು ಬೇಕು. ನಿನ್ನನ್ನ ನೋಡೋಕೂ."

ಕೋಪ ಬರುತ್ತಿದೆ ಅಂದುಕೊಂಡೆ. ಬಂದದ್ದು ಅಳು. ಮುಖ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ, ಬಂದು, ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತೆ. ಬೇರೆ ಏನೋ ಕೇಳಬೇಕು ಅಂತ ಬಾಯಿ ತೆರೆದರೆ ಇದು ಬಂತು.

"ಅವರು ಏನಾದ್ರೂ ಅಂದ್ರಾ?"

ಮಗಳು ಡಬ್ಬಿಯನ್ನು ಕವುಚಿಟ್ಟಳು. "ಕಾರಲ್ಲಿ ಪಕ್ಕದಲ್ಲೇ ಕೂತು ಮೆಸೇಜ್ ಹಾಕಿದ್ರು. ಇವ್ರು ಮನೇಲೂ ಹಿಂಗೇನಾ ಅಂತ."

"ನೀನೇನಂದೆ?"

"ಇಲ್ಲ ಅಂದೆ." ಕೈ ಒರೆಸಿಕೊಂಡಳು. "ಮನೇಲಿ ಹಾಗಲ್ಲ ಅತ್ತೆ, ಯಾವತ್ತೂ ಒಂದು ಪ್ರಶ್ನೆ ಕೇಳೋರಲ್ಲ, ನಾನಂದ್ರೆ ತುಂಬಾ ನಂಬಿಕೆ ಅಂತ ಬರೆದೆ."

ಶುಕ್ರವಾರದಿಂದ ಅವಳು ಹೇಳಿದ ಸುಳ್ಳುಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇರಲಿಲ್ಲ. ಟವೆಲ್ಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡೆ, ಮತ್ತೆ ತೆಗೆದೆ.

"ನಂಬಿದ್ರಾ?" ಅಂತ ಕೇಳಿದೆ.